ಮಿದುಳಿನ ಚಿತ್ರದಲ್ಲಿ ಕಾಣುವ ಕಬ್ಬಿಣ ಎಲ್ಲಿಂದ ಬಂತು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಮ್ಯಾಗ್ನೆಟಿಕ್ ಪಾರ್ಟಿಕಲ್ ಇಮೇಜಿಂಗ್ ಬಗ್ಗೆ. ಚಿಕ್ಕದಾಗಿ ಎಂಪಿಐ ಅನ್ನುತ್ತಾರೆ. ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ರಕ್ತಕ್ಕೆ ಸೇರಿಸಿ, ಅವು ಜೀವಂತ ಮಿದುಳಿನಲ್ಲಿ ಎಲ್ಲಿವೆ, ಎಷ್ಟಿವೆ ಎಂದು ಕಾಂತಕ್ಷೇತ್ರದ ನೆರವಿನಿಂದ ನೋಡುವ ವಿಧಾನ ಇದು.

ಪ್ರಶ್ನೆ: ಎಂಆರ್‌ಐ ಮಾಡುವಾಗಲೂ ಕಬ್ಬಿಣದ ಕಣ ಚುಚ್ಚುವುದುಂಟು ಎಂದು ಓದಿದ್ದೇನೆ. ಹಾಗಾದರೆ ಎಂಪಿಐ ಬೇರೆ ಹೇಗೆ? (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಎಂಆರ್‌ಐ ನೋಡುವುದು ನೀರಿನಲ್ಲಿರುವ ಹೈಡ್ರೋಜನ್ನನ್ನು. ಕಬ್ಬಿಣದ ಕಣ ಅಲ್ಲಿದ್ದರೆ ಸುತ್ತಲಿನ ನೀರಿನ ಸಿಗ್ನಲ್ ಕೆಡುತ್ತದೆ, ಚಿತ್ರದಲ್ಲಿ ಕಪ್ಪು ಕಲೆ ಬೀಳುತ್ತದೆ. ಆದರೆ ಹಳೆಯ ರಕ್ತಸ್ರಾವವೂ ಕಪ್ಪಾಗಿಯೇ ಕಾಣುತ್ತದೆ, ಗಾಳಿಯೂ ಹಾಗೆಯೇ, ಮೂಳೆಯೂ ಹಾಗೆಯೇ. ಎಂಪಿಐಯಲ್ಲಿ ನೀರಿನ ಗೊಡವೆಯೇ ಇಲ್ಲ. ಸಿಗ್ನಲ್ ಬರುವುದು ನೇರವಾಗಿ ಕಣದಿಂದ. ಕಣ ಎರಡು ಪಟ್ಟಾದರೆ ಸಿಗ್ನಲ್ಲೂ ಎರಡು ಪಟ್ಟು. ತಲೆಬುರುಡೆ, ಮಾಂಸ, ಕೊಬ್ಬು ಯಾವುದೂ ಕಾಣುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಇದೆಯಲ್ಲ, ಅದೂ ಕಾಣುವುದಿಲ್ಲ. ಅದರ ಕಾಂತಗುಣ ತೀರಾ ದುರ್ಬಲ, ಮುಂದಿನ ಉತ್ತರದಲ್ಲಿ ಹೇಳುವ 'ತುಂಬಿಹೋಗುವ' ಗುಣವೂ ಅದಕ್ಕಿಲ್ಲ.

ಇದರಲ್ಲೇ ಒಂದು ತೊಡಕೂ ಇದೆ. ಬರೀ ಕಪ್ಪು ಹಿನ್ನೆಲೆಯಲ್ಲಿ ಬೆಳಗುವ ಮಚ್ಚೆ ಮೂಗಿನ ಹತ್ತಿರದ್ದೋ ಕಿರುಮಿದುಳಿನದ್ದೋ ಹೇಳಲಾಗದು. ಆದ್ದರಿಂದ ಎಂಪಿಐ ಚಿತ್ರವನ್ನು ಸಿಟಿ ಅಥವಾ ಎಂಆರ್‌ಐ ಚಿತ್ರದ ಮೇಲೆ ಕೂರಿಸಿಯೇ ಓದಬೇಕು.

ವಿಧಾನದ ವಯಸ್ಸು ಹೆಚ್ಚಲ್ಲ. ಜರ್ಮನಿಯ ಹ್ಯಾಂಬರ್ಗಿನ ಫಿಲಿಪ್ಸ್ ಸಂಶೋಧನಾಲಯದ ಬರ್ನ್‌ಹಾರ್ಡ್ ಗ್ಲೈಶ್ ಮತ್ತು ಯೂರ್ಗನ್ ವೈಜೆನೆಕರ್ 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. 2009ರಲ್ಲಿ ಜೀವಂತ ಇಲಿಯ ಬಡಿಯುತ್ತಿರುವ ಹೃದಯವನ್ನು ಮೂರು ಆಯಾಮಗಳಲ್ಲಿ ತೋರಿಸಿದರು.

ಪ್ರಶ್ನೆ: ಕಣಗಳು ರಕ್ತ ಹೋದಲ್ಲೆಲ್ಲ ಇರುತ್ತವೆ. ಸಿಗ್ನಲ್ ಯಾವ ಜಾಗದ್ದು ಎಂದು ಗೊತ್ತಾಗುವುದು ಹೇಗೆ? ಎಷ್ಟು ಸಣ್ಣದನ್ನು ಬಿಡಿಸಿ ನೋಡಬಹುದು ಎಂಬುದನ್ನು ತರಗತಿಯಲ್ಲಿ ಲೆಕ್ಕ ಮಾಡಿ ತೋರಿಸಬಹುದೇ? (ಭೌತಶಾಸ್ತ್ರ ಉಪನ್ಯಾಸಕರು, ಹಾಸನ)

ಖಂಡಿತ ತೋರಿಸಬಹುದು. ಎರಡು ಅಯಸ್ಕಾಂತಗಳ ಒಂದೇ ಧ್ರುವಗಳನ್ನು ಎದುರುಬದುರಾಗಿ ಇಡಿ. ಸರಿಯಾಗಿ ನಡುವೆ ಕ್ಷೇತ್ರ ಸೊನ್ನೆ. ಅಲ್ಲಿಂದ ಯಾವ ಕಡೆಗೆ ಸರಿದರೂ ಕ್ಷೇತ್ರ ಏರುತ್ತದೆ. ಏರಿದ ಕ್ಷೇತ್ರದಲ್ಲಿ ಸಿಕ್ಕ ಕಣ ತುಂಬಿದ ಕೊಡದ ಹಾಗೆ: ಇನ್ನಷ್ಟು ಸುರಿದರೂ ಅದರ ಕಾಂತತ್ವ ಏರುವುದಿಲ್ಲ. ಈಗ ಇಡೀ ಜಾಗದ ಮೇಲೆ ಸುಮಾರು 25 ಕಿಲೊಹರ್ಟ್ಸ್‌ನ ಆಂದೋಲನ ಕ್ಷೇತ್ರ ಹಾಯಿಸಿದರೆ, ದೂರದಲ್ಲಿ ತುಂಬಿನಿಂತ ಕಣಗಳು ಮಿಸುಕುವುದಿಲ್ಲ. ಸೊನ್ನೆಬಿಂದುವಿನಲ್ಲಿರುವ ಕಣಗಳು ಮಾತ್ರ ಈ ಕಡೆಯಿಂದ ಆ ಕಡೆಗೆ ಮಗುಚುತ್ತವೆ. ಅವುಗಳ ಪ್ರತಿಕ್ರಿಯೆ ನೇರ ಅನುಪಾತದ್ದಲ್ಲ, ಹಾಗಾಗಿ 25ರ ಜತೆಗೆ 75, 125 ಕಿಲೊಹರ್ಟ್ಸ್ ಹೀಗೆ ಹಾರ್ಮೋನಿಕ್‌ಗಳೂ ಹುಟ್ಟುತ್ತವೆ. ಗ್ರಹಿಸುವ ಕಾಯಿಲ್ ಹಿಡಿಯುವುದು ಇವನ್ನು. ಸೊನ್ನೆಬಿಂದುವನ್ನು ಜಾಗದಿಂದ ಜಾಗಕ್ಕೆ ಓಡಿಸಿದರೆ ಚಿತ್ರ ಸಿಗುತ್ತದೆ.

ಮೂಲದ 25 ಕಿಲೊಹರ್ಟ್ಸ್ ಸಿಗ್ನಲ್ಲನ್ನು ಫಿಲ್ಟರ್ ಹಾಕಿ ಬಿಸಾಡಬೇಕಾಗುತ್ತದೆ. ಕ್ಷೇತ್ರ ಹುಟ್ಟಿಸುವ ಕಾಯಿಲ್‌ನಿಂದ ಗ್ರಹಿಸುವ ಕಾಯಿಲ್‌ಗೆ ಅದು ನೇರವಾಗಿ ಸೋರಿ, ಕಣದ ದನಿಯನ್ನು ಪೂರ್ತಿ ಮುಳುಗಿಸಿಬಿಡುತ್ತದೆ.

ಇನ್ನು ಲೆಕ್ಕ. 25 ನ್ಯಾನೊಮೀಟರ್ ವ್ಯಾಸದ ಮ್ಯಾಗ್ನೆಟೈಟ್ (ಕಬ್ಬಿಣದ ಒಂದು ಆಕ್ಸೈಡು) ಗೋಲ ತೆಗೆದುಕೊಳ್ಳಿ. ಸ್ಯಾಚುರೇಷನ್ ಮ್ಯಾಗ್ನೆಟೈಸೇಷನ್, ಅಂದರೆ ತುಂಬಿನಿಂತಾಗಿನ ಕಾಂತತ್ವ, ಮೀಟರಿಗೆ ಸುಮಾರು 4,80,000 ಆಂಪಿಯರ್. ಗಾತ್ರದಿಂದ ಗುಣಿಸಿದರೆ ಒಂದು ಕಣದ ಕಾಂತ ಮೊಮೆಂಟ್ ಸುಮಾರು 3.9 × 10⁻¹⁸ ಆಂಪಿಯರ್-ಚದರ ಮೀಟರ್. ದೇಹದ ಉಷ್ಣತೆಯಲ್ಲಿ ಉಷ್ಣಶಕ್ತಿ 4.3 × 10⁻²¹ ಜೂಲ್. ಇದನ್ನು ಅದರಿಂದ ಭಾಗಿಸಿದರೆ 1.1 ಮಿಲಿಟೆಸ್ಲ. ಕ್ಷೇತ್ರ ಏರಿದಂತೆ ಕಣದ ಕಾಂತತ್ವ ಹೇಗೆ ಏರುತ್ತದೆ ಎಂದು ತೋರಿಸುವ ಲ್ಯಾಂಜೆವಿನ್ ರೇಖೆಯ ಇಳಿಜಾರಿಗೆ ಒಂದು ಶಿಖರ ಇರುತ್ತದಲ್ಲ, ಅರ್ಧ ಎತ್ತರದಲ್ಲಿ ಅದರ ಅಗಲ ಇದರ 4.16 ಪಟ್ಟು, ಅಂದರೆ ಸುಮಾರು 4.6 ಮಿಲಿಟೆಸ್ಲ. ಇದನ್ನು ಕ್ಷೇತ್ರದ ಏರಿಕೆಯಿಂದ ಭಾಗಿಸಿ. ಮೀಟರಿಗೆ 6 ಟೆಸ್ಲ ಏರಿಕೆ ಇದ್ದರೆ 0.8 ಮಿಲಿಮೀಟರ್, 2.5 ಇದ್ದರೆ 1.8, ಬರೀ 0.25 ಇದ್ದರೆ 18 ಮಿಲಿಮೀಟರ್. ಇಲಿಯ ತಲೆಗೂ ಮನುಷ್ಯನ ತಲೆಗೂ ಇರುವ ಅಂತರವೆಲ್ಲ ಈ ಭಾಗಾಕಾರದಲ್ಲಿದೆ. ಅಷ್ಟು ದೊಡ್ಡ ಜಾಗದಲ್ಲಿ ಕಡಿದಾದ ಏರಿಕೆ ತರುವುದಕ್ಕೆ ಭಾರಿ ಅಯಸ್ಕಾಂತ, ಭಾರಿ ವಿದ್ಯುತ್ತು ಬೇಕು.

ವಿದ್ಯಾರ್ಥಿಗಳಿಂದ ಎರಡು ಪ್ರಶ್ನೆ ಬಂದೇ ಬರುತ್ತವೆ. ಮೂರೂ ದಿಕ್ಕಿಗೆ ಒಂದೇ ಸ್ಪಷ್ಟತೆಯೇ? ಅಲ್ಲ. ಮೂರು ದಿಕ್ಕಿನ ಏರಿಕೆಗಳನ್ನು ಚಿಹ್ನೆ ಸಮೇತ ಕೂಡಿದರೆ ಸೊನ್ನೆ ಬರಲೇಬೇಕು, ಅದು ಮ್ಯಾಕ್ಸ್‌ವೆಲ್ ನಿಯಮ. ಒಂದು ಕಡೆ 2.5 ಇದ್ದರೆ ಉಳಿದೆರಡು ಕಡೆ 1.25. ಅಲ್ಲಿ ಸ್ಪಷ್ಟತೆ 3.6 ಮಿಲಿಮೀಟರಿಗೆ ಇಳಿಯುತ್ತದೆ. ಎರಡನೆಯದು: ಅಗಲ ವ್ಯಾಸದ ಘನಕ್ಕೆ ವಿಲೋಮವಾದರೆ 40 ನ್ಯಾನೊಮೀಟರಿನ ಕಣ ಏಕೆ ಬಳಸಬಾರದು? ಒಂದು ಆವರ್ತಕ್ಕೆ ಇರುವುದು 40 ಮೈಕ್ರೊಸೆಕೆಂಡ್ ಮಾತ್ರ. ಕಣದ ಗಾತ್ರ ಏರಿದಷ್ಟೂ ಅದರ ಕಾಂತದಿಕ್ಕು ತಿರುಗುವುದು ನಿಧಾನ, ಮತ್ತು ಆ ನಿಧಾನ ಘಾತೀಯವಾಗಿ ಹೆಚ್ಚುತ್ತದೆ. ಕ್ಷೇತ್ರದ ಹಿಂದೆ ಏಗುತ್ತ ಬರುವ ಕಣ ಚಿತ್ರವನ್ನು ಮಸುಕು ಮಾಡುತ್ತದೆ. ಕಣ ತಯಾರಿಸುವವರು 25ರ ಆಸುಪಾಸಿನಲ್ಲಿ ಸುತ್ತುವುದು ಅದಕ್ಕೇ.

ಪ್ರಶ್ನೆ: ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಜರ್ಮನಿಯ ಲ್ಯಾಬೊಂದಕ್ಕೆ ಪಿಎಚ್.ಡಿ.ಗೆ ಹೊರಟಿದ್ದೇನೆ. ಪಾರ್ಶ್ವವಾಯು ಮಾದರಿಯ ಇಲಿಗಳಲ್ಲಿ ಮಿದುಳಿನ ರಕ್ತಸಂಚಾರವನ್ನು ಎಂಪಿಐನಿಂದ ಅಳೆಯುವ ಕೆಲಸ. ಕ್ರಮ ಹೇಗೆ, ಎಲ್ಲಿ ಕೆಡುತ್ತದೆ? (ವಿದ್ಯಾರ್ಥಿನಿ, ಬೆಂಗಳೂರು)

ಪ್ರಾಣಿಪ್ರಯೋಗದ ಅನುಮತಿ ಮತ್ತು ತರಬೇತಿ ಇಲ್ಲದೆ ಯಾವುದನ್ನೂ ಮುಟ್ಟುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಕಾಗದಪತ್ರಕ್ಕೆ ತಿಂಗಳುಗಳು ಹಿಡಿಯುತ್ತವೆ. ಆ ಸಮಯವನ್ನು ಇಲಿ ಇಲ್ಲದ ಕೆಲಸಕ್ಕೆ ಬಳಸಿ, ಅದೇ ಮುಕ್ಕಾಲು ಪಾಲು.

ಮೊದಲು ಕಣ. ಇಡೀ ಅಧ್ಯಯನಕ್ಕೆ ಸಾಕಾಗುವಷ್ಟನ್ನು ಒಂದೇ ಬ್ಯಾಚಿನಲ್ಲಿ ತರಿಸಿಕೊಳ್ಳಿ. ಬ್ಯಾಚ್ ಬದಲಾದರೆ ಹಾರ್ಮೋನಿಕ್‌ಗಳ ಪ್ರಮಾಣ ಬದಲಾಗುತ್ತದೆ, ಹಳೆಯ ಕ್ಯಾಲಿಬ್ರೇಷನ್ ಹಾಳು. ಲೀಟರಿಗೆ 100 ಮಿಲಿಮೋಲ್ ಕಬ್ಬಿಣ ಅಂದರೆ ಮಿಲಿಲೀಟರಿಗೆ 5.6 ಮಿಲಿಗ್ರಾಂ. ಅದರಿಂದ ಶುರುಮಾಡಿ ಪ್ರತಿಸಲ ಅರ್ಧಕ್ಕೆ ತೆಳುಮಾಡುತ್ತ ಎಂಟು ಹತ್ತು ಮಾದರಿ ಮಾಡಿ, ಒಂದೊಂದು ಮೈಕ್ರೊಲೀಟರನ್ನು ಗಾಜಿನ ಕ್ಯಾಪಿಲರಿಯಲ್ಲಿ ಮುಚ್ಚಿ ಅಳೆಯಿರಿ. ಸಿಗ್ನಲ್ ಗೆರೆ ನೇರವಾಗಿ ಇಳಿಯಬೇಕು. ಖಾಲಿ ಸ್ಕ್ಯಾನಿನ ಏರಿಳಿತದ ಮೂರು ಪಟ್ಟಿಗಿಂತ ಕೆಳಗೆ ಹೋದ ಮಾದರಿಯನ್ನು ನಿಮ್ಮ ಸ್ಕ್ಯಾನರ್ ಕಾಣಲಾರದು. ಆ ಅಂಕಿಯನ್ನು ಗೋಡೆಗೆ ಅಂಟಿಸಿಡಿ.

ಆಮೇಲೆ ಸಿಸ್ಟಮ್ ಮ್ಯಾಟ್ರಿಕ್ಸ್. ಪುಟ್ಟ ಬಿಂದುಮಾದರಿಯೊಂದನ್ನು ರೋಬೊ ಕೈ ಪ್ರತಿ ಜಾಗಕ್ಕೂ ಒಯ್ದು, ಅಲ್ಲಲ್ಲಿ ಯಂತ್ರ ಹೇಗೆ ಸ್ಪಂದಿಸುತ್ತದೆ ಎಂದು ದಾಖಲಿಸುತ್ತದೆ. 20 × 20 × 20 ಅಂದರೆ 8,000 ಜಾಗ. ಒಂದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ 3 ಗಂಟೆ 20 ನಿಮಿಷ. ನಿಮ್ಮ ಚಿತ್ರದ ಅಂಚಿಗಿಂತ ಎಲ್ಲ ಕಡೆ ಸ್ವಲ್ಪ ಹೆಚ್ಚೇ ಅಳೆದುಕೊಳ್ಳಿ. ಇದರಲ್ಲಿ ಜಿಪುಣತನ ಮಾಡಿದರೆ, ಅಂಚಿನ ಹೊರಗಿರುವ ಕಣಗಳ ಸಿಗ್ನಲ್ ಒಳಗೆ ಬಂದು ಎಲ್ಲೋ ಒಂದು ಕಡೆ ಇಲ್ಲದ ಮಚ್ಚೆಯಾಗಿ ಕೂರುತ್ತದೆ.

ಇಲಿಯ ವಿಷಯಕ್ಕೆ ಬಂದರೆ, ಎಂಪಿಐ ಬಲವಾದ ಕಾಂತಗುಣದ ಕಬ್ಬಿಣವನ್ನು ಬಿಟ್ಟು ಬೇರೇನನ್ನೂ ನೋಡದು, ಆದರೆ ಯಾರ ಕಬ್ಬಿಣ ಎಂದು ಕೇಳುವುದೂ ಇಲ್ಲ. ಲ್ಯಾಬಿನ ಸಾಮಾನ್ಯ ಇಲಿತಿನಿಸಿನಲ್ಲಿ ಅಂಥ ಕಬ್ಬಿಣ ಇರುತ್ತದೆ, ಕರುಳು ಬೆಳಗುತ್ತದೆ. ಅನುಮತಿಯಲ್ಲಿ ಬರೆಸಿಕೊಂಡಷ್ಟು ಹೊತ್ತು ಉಪವಾಸ ಇಡಿ, ಇಲ್ಲವೇ ಕೆಲವು ದಿನ ಮೊದಲೇ ಕಬ್ಬಿಣ ಕಡಿಮೆ ಇರುವ ಆಹಾರಕ್ಕೆ ಬದಲಿಸಿ. ಗುರುತಿನ ಲೋಹದ ಕಿವಿಬಿಲ್ಲೆ ಬೇಡ. ತಲೆಯ ಮೇಲೆ ಶಸ್ತ್ರಕ್ರಿಯೆ ಮಾಡಿದ್ದರೆ ಉಕ್ಕಿನ ಬ್ಲೇಡು, ಡ್ರಿಲ್ಲು ಬಿಟ್ಟುಹೋದ ಕಣ್ಣಿಗೆ ಕಾಣದ ಪುಡಿಯೇ ಪಾರ್ಶ್ವವಾಯುವಿನ ಕಲೆಯಂತೆ ತೋರಬಹುದು. ಆದ್ದರಿಂದ ಕಣ ಚುಚ್ಚುವ ಮೊದಲೇ ಪ್ರತಿ ಇಲಿಯನ್ನೂ ಒಂದು ಸಲ ಸ್ಕ್ಯಾನ್ ಮಾಡಿ. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟರೆ, ಆಮೇಲೆ ಬಂದ ಚಿತ್ರವನ್ನು ನಂಬಲು ನಿಮಗೇ ಆಧಾರ ಇರುವುದಿಲ್ಲ.

ಅರಿವಳಿಕೆಗೆ ಐಸೊಫ್ಲುರೇನ್ 3ರಿಂದ 4 ಶೇಕಡಾದಲ್ಲಿ ಶುರುಮಾಡಿ, ಆಮೇಲೆ 1.5ರಿಂದ 2ಕ್ಕೆ ಇಳಿಸುವುದು ವಾಡಿಕೆ. ಮೈ 37 ಡಿಗ್ರಿಯಲ್ಲಿರಲಿ. ವಿದ್ಯುತ್ ಹಾಸು ಬೇಡ, ಬಿಸಿನೀರು ಹರಿಯುವ ಹಾಸು ಹಾಕಿ.

ಹೆಚ್ಚಿನವರು ಎಡವುವುದು ಬಾಲದ ರಕ್ತನಾಳಕ್ಕೆ ಹಾಕಿದ ಕೊಳವೆಯಲ್ಲಿ. ಪಿಇ-10 ಕೊಳವೆಯ ಒಳವ್ಯಾಸ 0.28 ಮಿಲಿಮೀಟರ್. ಸ್ಕ್ಯಾನರಿನ ಬಾಯಿಂದ ಒಳಗೆ ಮುಟ್ಟಲು ಅರ್ಧ ಮೀಟರ್ ಬೇಕೆಂದರೆ ಅದರೊಳಗೆ ಹಿಡಿಯುವುದು 31 ಮೈಕ್ರೊಲೀಟರ್. ನೀವು 20 ಮೈಕ್ರೊಲೀಟರ್ ಕಣದ್ರವ ತಳ್ಳಿ ಸಿರಿಂಜ್ ಖಾಲಿಯಾಯಿತು ಎಂದುಕೊಂಡರೆ, ಇಲಿಗೆ ಒಂದು ಹನಿಯೂ ತಲುಪಿರುವುದಿಲ್ಲ! ಹಿಂದೆಯೇ ಹೆಪಾರಿನ್ ಸೇರಿಸಿದ 50 ಮೈಕ್ರೊಲೀಟರ್ ಸಲೈನನ್ನು ಒಂದೇ ವೇಗದಲ್ಲಿ ತಳ್ಳಬೇಕು, ಕೈಯಿಂದಲ್ಲ, ಸಿರಿಂಜ್ ಪಂಪಿನಿಂದ. ಎರಡೂ ಸೇರಿ 70 ಆಯಿತು. 20 ಗ್ರಾಂ ಇಲಿಗೆ ಒಂದೇ ಸಲಕ್ಕೆ 100 ಮೈಕ್ರೊಲೀಟರ್ ದಾಟಬೇಡಿ. ಕಣ ಮತ್ತು ಸಲೈನ್ ನಡುವೆ ಗಾಳಿಗುಳ್ಳೆ ಸೇರಿದರೆ ಪ್ರಾಣಿಗೂ ಅಪಾಯ, ಅಳತೆಯೂ ಹಾಳು.

ಎಷ್ಟು ಕಬ್ಬಿಣ ಕಾಣಬೇಕು ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಮೇಲಿನ 20 ಮೈಕ್ರೊಲೀಟರಿನಲ್ಲಿ 112 ಮೈಕ್ರೊಗ್ರಾಂ ಕಬ್ಬಿಣ. ಇಲಿಯ ರಕ್ತ ಸುಮಾರು 1.5 ಮಿಲಿಲೀಟರ್, ಬೆರೆತ ಮೇಲೆ ಮಿಲಿಲೀಟರಿಗೆ 75 ಮೈಕ್ರೊಗ್ರಾಂ. ಮಿದುಳಿನ ಗಾತ್ರದಲ್ಲಿ ರಕ್ತ ನೂರಕ್ಕೆ ನಾಲ್ಕರಷ್ಟು. ಹಾಗಾದರೆ 2 ಮಿಲಿಮೀಟರ್ ಬದಿಯ ಒಂದು ಘನದಲ್ಲಿ ಇರುವುದು 24 ನ್ಯಾನೊಗ್ರಾಂ. ಗೋಡೆಯ ಮೇಲಿನ ಅಂಕಿ ಇದಕ್ಕಿಂತ ಸಾಕಷ್ಟು ಕೆಳಗಿದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಪ್ರಾಣಿಯನ್ನು ತರುವುದೇ ತಪ್ಪು.

ರೆಕಾರ್ಡಿಂಗನ್ನು ಚುಚ್ಚುವುದಕ್ಕೆ 20 ಸೆಕೆಂಡ್ ಮೊದಲೇ ಶುರುಮಾಡಿ. ಇಲಿಯ ಹೃದಯ ನಿಮಿಷಕ್ಕೆ 400ರಿಂದ 600 ಸಲ ಬಡಿಯುತ್ತದೆ, ಕಣದ ಮೊದಲ ಅಲೆ ಮಿದುಳನ್ನು ಒಂದೆರಡು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಒಂದು ಪೂರ್ತಿ ಚಿತ್ರವನ್ನು 21.5 ಮಿಲಿಸೆಕೆಂಡಿನಲ್ಲಿ ಹಿಡಿಯುವ ಯಂತ್ರಕ್ಕೆ ಇದು ಸಾಧ್ಯ. ಒಂದು ಚಿತ್ರಕ್ಕೆ ನಿಮಿಷಗಳು ಹಿಡಿಯುವ ಯಂತ್ರಗಳೂ ಇವೆ. ಅವುಗಳ ಸ್ಪಷ್ಟತೆ ಚೆನ್ನ, ಆದರೆ ಅವುಗಳಿಂದ ರಕ್ತದ ಓಟ ಸಿಗದು, ನೆಲೆನಿಂತ ರಕ್ತದ ಪ್ರಮಾಣ ಮಾತ್ರ ಸಿಗುತ್ತದೆ. ನಿಮ್ಮ ಲ್ಯಾಬಿನಲ್ಲಿ ಯಾವುದಿದೆ ಎಂದು ಈಗಲೇ ಕೇಳಿ.

ಬಂದ ರೇಖೆಯಿಂದ ಮೂರು ನಕ್ಷೆ ತೆಗೆಯಿರಿ: ರಕ್ತದ ಪ್ರಮಾಣ, ಹಾಯಲು ಹಿಡಿದ ಸರಾಸರಿ ಸಮಯ, ಇವೆರಡರ ಭಾಗಾಕಾರದಿಂದ ಹರಿವು. ಮನುಷ್ಯನ ಅಂಕಿಗಳಲ್ಲಿ ಹೇಳುವುದಾದರೆ 100 ಗ್ರಾಂ ಮಿದುಳಿಗೆ 4 ಮಿಲಿಲೀಟರ್ ರಕ್ತ, ಹಾಯಲು 4.8 ಸೆಕೆಂಡ್, ಹಾಗಾದರೆ ನಿಮಿಷಕ್ಕೆ 50 ಮಿಲಿಲೀಟರ್ ಹರಿವು. ರಕ್ತನಾಳ ಕಟ್ಟಿದ ಬದಿಯಲ್ಲಿ ಶಿಖರ ತಡವಾಗಿ, ತಗ್ಗಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಹ್ಯಾಂಬರ್ಗಿನ ತಂಡ 2017ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ.

ಚಿತ್ರ ಕಟ್ಟುವಾಗ ಕಾಚ್ಮಾರ್ಜ್ ಎಂಬ ಲೆಕ್ಕದ ವಿಧಾನದ ಪುನರಾವರ್ತನೆ ಹೆಚ್ಚಿದಷ್ಟೂ ಚಿತ್ರ ಚೂಪಾಗುತ್ತದೆ, ಗದ್ದಲವೂ ಏರುತ್ತದೆ. ಕಡಿಮೆ ಮಾಡಿದರೆ ಎಡಬಲ ಒಂದಕ್ಕೊಂದು ಕಲಸಿ, ಸತ್ತ ಭಾಗದಲ್ಲೂ ರಕ್ತ ಇರುವಂತೆ ಕಾಣುತ್ತದೆ. ಈ ಆಯ್ಕೆಗಳನ್ನು ಗೊತ್ತಿರುವ ಪ್ರಮಾಣದ ಕಣ ತುಂಬಿದ ಪ್ಲಾಸ್ಟಿಕ್ ಮಾದರಿಯ ಮೇಲೆ ನಿರ್ಧರಿಸಿ, ಆಮೇಲೆ ಇಲಿಯಿಂದ ಇಲಿಗೆ ಬದಲಿಸಬೇಡಿ. ಖಾಲಿ ಸ್ಕ್ಯಾನನ್ನು ಪ್ರತಿ ಇಲಿಯ ಮೊದಲೂ ಆಮೇಲೂ ತೆಗೆಯಿರಿ. ಕಾಯಿಲ್ ಬಿಸಿಯಾದಂತೆ ಹಿನ್ನೆಲೆ ಸರಿಯುತ್ತದೆ. ಬೆಳಿಗ್ಗೆ ತೆಗೆದ ಒಂದೇ ಖಾಲಿ ಸ್ಕ್ಯಾನನ್ನು ಸಂಜೆಯವರೆಗೆ ಕಳೆಯುತ್ತಿದ್ದರೆ ಹಾಗೆ ಸರಿದದ್ದೇ ನಿಮ್ಮ ಫಲಿತಾಂಶವಾಗಿಬಿಡುತ್ತದೆ.

ಎಂಪಿಐ ಚಿತ್ರವನ್ನು ಇನ್ನೊಂದು ಚಿತ್ರದ ಮೇಲೆ ಕೂರಿಸಲು ಕಣ ತುಂಬಿದ ಗುರುತುಬಿಂದುಗಳು ಮೂರು ಇರಲಿ, ಒಂದೇ ಸಾಲಿನಲ್ಲಿ ಬೇಡ, ಎಡಬಲ ಒಂದೇ ಥರವೂ ಬೇಡ. ಚಿತ್ರ ಕನ್ನಡಿಯಂತೆ ಮಗುಚಿದರೂ ತಿಳಿಯಬೇಕು. ಅವುಗಳಲ್ಲಿ ಹೆಚ್ಚು ಕಣ ತುಂಬಿದರೆ ಪಕ್ಕದ ಮಿದುಳಿನ ಮಂದ ಸಿಗ್ನಲ್ ಮುಚ್ಚಿಹೋಗುತ್ತದೆ.

ಪ್ರಶ್ನೆ: ನಮ್ಮ ತಂದೆಗೆ ಹೋದ ವರ್ಷ ಲಕ್ವ ಹೊಡೆಯಿತು. ಈ ಹೊಸ ಸ್ಕ್ಯಾನ್ ಎಲ್ಲಿ ಸಿಗುತ್ತದೆ? (ಓದುಗರು, ಹುಬ್ಬಳ್ಳಿ)

ರೋಗಿಗಳ ದಿನನಿತ್ಯದ ತಪಾಸಣೆಗೆ ಇದು ಇನ್ನೂ ಬಂದಿಲ್ಲ, ಯಾವ ದೇಶದಲ್ಲೂ. ನಿಮ್ಮ ತಂದೆಯವರಿಗೆ ಬೇಕಾದದ್ದನ್ನು ಸಿಟಿ, ಎಂಆರ್‌ಐ ಮತ್ತು ಕುತ್ತಿಗೆಯ ರಕ್ತನಾಳದ ಡಾಪ್ಲರ್ ತೋರಿಸುತ್ತವೆ. ಬಿಪಿ, ಸಕ್ಕರೆ, ರಕ್ತ ತೆಳುಮಾಡುವ ಮಾತ್ರೆ ತಪ್ಪಿಸಬೇಡಿ. ಮತ್ತೆ ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ, ಸಿಟಿ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಔಷಧಿಗೆ ಇರುವ ಸಮಯ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ರೋಗಿಯನ್ನು ಕೊನೆಯ ಸಲ ಸರಿಯಾಗಿ ನೋಡಿದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಮನುಷ್ಯನ ಮಿದುಳಿಗೆ ಇದನ್ನು ತರಲು ಅಡ್ಡಿ ಏನು? ರಕ್ತಹೀನತೆಗೆ ಕೊಡುವ ಕಬ್ಬಿಣದ ಇಂಜೆಕ್ಷನ್ನನ್ನೇ ಬಳಸಬಹುದಲ್ಲ? ಯೋಚನೆಗಳನ್ನೂ ಓದಬಹುದು ಅನ್ನುತ್ತಾರೆ, ನಿಜವೇ? (ಸ್ನಾತಕೋತ್ತರ ವಿದ್ಯಾರ್ಥಿ, ಮೈಸೂರು)

ಕೊನೆಯದಕ್ಕೆ ಮೊದಲು ಉತ್ತರ: ಇಲ್ಲ. ಆರೋಗ್ಯವಂತ ಮಿದುಳಿನ ರಕ್ತತಡೆಗೋಡೆಯನ್ನು ಈ ಕಣಗಳು ದಾಟುವುದಿಲ್ಲ, ರಕ್ತನಾಳದೊಳಗೇ ಇರುತ್ತವೆ. ಕಾಣುವುದು ರಕ್ತದ ಪ್ರಮಾಣ ಮಾತ್ರ. ಮಿದುಳಿನ ಒಂದು ಭಾಗ ಚುರುಕಾದಾಗ ಅಲ್ಲಿ ರಕ್ತ ಹೆಚ್ಚುತ್ತದೆ, ಅಷ್ಟನ್ನು ನೋಡಬಹುದು.

ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಇಂಜೆಕ್ಷನ್ ಒಂದು ಸಲಕ್ಕೆ 510 ಮಿಲಿಗ್ರಾಂ ಕಬ್ಬಿಣ ಕೊಡುತ್ತದೆ. 5 ಲೀಟರ್ ರಕ್ತದಲ್ಲಿ ಬೆರೆತರೆ ಮಿಲಿಲೀಟರಿಗೆ 0.1 ಮಿಲಿಗ್ರಾಂ, ಒಂದು ಮಿಲಿಲೀಟರ್ ಮಿದುಳಿನಲ್ಲಿ 4 ಮೈಕ್ರೊಗ್ರಾಂ. ಆ ಭಾಗ ಚುರುಕಾಗಿ ರಕ್ತ ಹತ್ತು ಶೇಕಡಾ ಏರಿತು ಎಂದುಕೊಂಡರೆ ಹಿಡಿಯಬೇಕಾದ ವ್ಯತ್ಯಾಸ 0.4 ಮೈಕ್ರೊಗ್ರಾಂ. ಪ್ರಮಾಣ ಸಾಕು. ಆದರೆ ಅದರ ಕಣದ ತಿರುಳು ತೀರಾ ಸಣ್ಣದು. ಅಗಲ ವ್ಯಾಸದ ಘನಕ್ಕೆ ವಿಲೋಮ ಎಂಬ ಮೇಲಿನ ಲೆಕ್ಕವನ್ನು ನೆನೆಸಿಕೊಳ್ಳಿ: ಸಣ್ಣ ತಿರುಳಿಗೆ ಹಾರ್ಮೋನಿಕ್ ಹುಟ್ಟಿಸುವ ಶಕ್ತಿ ಇಲ್ಲವೆಂಬಷ್ಟು ಕಡಿಮೆ. ಯಕೃತ್ತಿನ ಎಂಆರ್‌ಐಗಾಗಿ ಬಂದಿದ್ದ ರೆಸೊವಿಸ್ಟ್ ಇದಕ್ಕಿಂತ ಎಷ್ಟೋ ಚೆನ್ನಾಗಿ ಸಿಗ್ನಲ್ ಕೊಡುತ್ತದೆ. ಅದನ್ನಾದರೋ ಯಕೃತ್ತು ಬೇಗ ನುಂಗಿಬಿಡುತ್ತದೆ. ಗಂಟೆಗಟ್ಟಲೆ ರಕ್ತದಲ್ಲೇ ಸುತ್ತುವ, 25ರ ಆಸುಪಾಸಿನ ತಿರುಳಿನ, ಮನುಷ್ಯರಿಗೆ ಒಪ್ಪಿಗೆ ಪಡೆದ ಕಣ ಬೇಕು. ಯಂತ್ರಕ್ಕಿಂತ ದೊಡ್ಡ ಅಡ್ಡಿ ಅದೇ ಎಂಬುದು ನಮ್ಮ ಅಭಿಪ್ರಾಯ. ಯಾವ ಕಬ್ಬಿಣದ ಇಂಜೆಕ್ಷನ್ನಿಗೂ ತೀವ್ರ ಅಲರ್ಜಿಯ ಸಾಧ್ಯತೆ ಇದೆ. ಫೆರುಮಾಕ್ಸಿಟಾಲನ್ನು ಕನಿಷ್ಠ 15 ನಿಮಿಷ ಡ್ರಿಪ್ಪಿನಲ್ಲೇ ಕೊಡಬೇಕೆಂಬ ನಿಯಮ ಅದರಿಂದಲೇ ಬಂತು. ಅಷ್ಟು ನಿಧಾನವಾಗಿ ಕೊಟ್ಟರೆ ಮೊದಲ ಅಲೆಯ ಅಳತೆ ಅಸಾಧ್ಯ.

ಯಂತ್ರದ ಕಡೆ, ವೇಗವಾಗಿ ಬದಲಾಗುವ ಕ್ಷೇತ್ರ ದೇಹದಲ್ಲಿ ವಿದ್ಯುತ್ ಹುಟ್ಟಿಸಿ ನರಗಳನ್ನು ಜುಮ್ಮೆನಿಸುತ್ತದೆ. ತ್ರಿಜ್ಯ ದೊಡ್ಡದಾದಷ್ಟೂ ಇದು ಹೆಚ್ಚು. ಎದೆಗಿಂತ ತಲೆ ಚಿಕ್ಕದು, ಹಾಗಾಗಿ ಮಿದುಳೇ ಸ್ವಲ್ಪ ಅನುಕೂಲದ ಅಂಗ. ಹ್ಯಾಂಬರ್ಗಿನ ತಂಡ 2019ರಲ್ಲಿ ಮನುಷ್ಯನ ತಲೆ ಹಿಡಿಸುವ ಸ್ಕ್ಯಾನರನ್ನು ತೋರಿಸಿತು. ಉದ್ದೇಶ ಐಸಿಯುವಿನಲ್ಲಿ ಹಾಸಿಗೆಯ ಪಕ್ಕದಲ್ಲೇ ಮಿದುಳಿನ ರಕ್ತಸಂಚಾರವನ್ನು ಮತ್ತೆ ಮತ್ತೆ ನೋಡುವುದು. ಎಕ್ಸ್‌ರೇ ಇಲ್ಲ, ರೋಗಿಯನ್ನು ವೆಂಟಿಲೇಟರ್ ಸಮೇತ ತಳ್ಳಿಕೊಂಡು ಹೋಗಬೇಕಿಲ್ಲ. ಆ ಕೆಲಸಕ್ಕೆ ಒಂದೆರಡು ಸೆಂಟಿಮೀಟರಿನ ಒರಟು ಚಿತ್ರವೂ ಬೆಲೆಯುಳ್ಳದ್ದೇ.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು 2018ರಲ್ಲಿ ರ‍್ಯಾಟ್‌ಗಳ (ದೊಡ್ಡ ಜಾತಿಯ ಇಲಿಗಳ) ಉಸಿರಿಗೆ ಇಂಗಾಲದ ಡೈಆಕ್ಸೈಡ್ ಸೇರಿಸಿ, ಮಿದುಳಿನ ರಕ್ತ ಏರಿಳಿಯುವುದನ್ನು ಎಂಪಿಐನಲ್ಲಿ ಕಂಡರು. ಇಂಥ ಪ್ರಯೋಗ ಮಾಡುವವರು ಎರಡನ್ನು ಮರೆಯಬಾರದು. ಐಸೊಫ್ಲುರೇನ್ ತಾನೇ ರಕ್ತನಾಳವನ್ನು ಹಿಗ್ಗಿಸುತ್ತದೆ, ಡೋಸ್ ಹೆಚ್ಚಾದರೆ ಮತ್ತೆ ಹಿಗ್ಗಲು ಜಾಗವೇ ಇರುವುದಿಲ್ಲ. ಎರಡನೆಯದಾಗಿ ಕಣ ರಕ್ತದಿಂದ ಸತತವಾಗಿ ಕಡಿಮೆಯಾಗುತ್ತಿರುತ್ತದೆ. ಆ ಇಳಿಜಾರನ್ನು ಮೊದಲು ಹೊಂದಿಸಿ ಕಳೆಯದೆ ಏರಿಳಿತ ಓದಲಾಗದು.

ಪ್ರಶ್ನೆ: ಮಿದುಳಿಗೆ ಹಾಕಿದ ಸ್ಟೆಮ್ ಸೆಲ್‌ಗಳು ಬದುಕಿವೆಯೇ ಎಂದು ಎಂಪಿಐನಿಂದ ತಿಳಿಯಬಹುದೇ? (ಸಂಶೋಧಕಿ, ಮಣಿಪಾಲ)

ಎಲ್ಲಿವೆ ಎಂದು ತಿಳಿಯಬಹುದು. ಬದುಕಿವೆಯೇ ಎಂದು ಎಂಪಿಐ ಒಂದರಿಂದಲೇ ತಿಳಿಯದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ತಂಡ 2015ರಲ್ಲಿ ರ‍್ಯಾಟ್‌ಗಳ ಮಿದುಳಿಗೆ ಹಾಕಿದ ಮಾನವ ನರಕೋಶಮೂಲಗಳನ್ನು 87 ದಿನ ಹಿಂಬಾಲಿಸಿತು, 200ರಷ್ಟು ಕೋಶಗಳನ್ನೂ ಗುರುತಿಸಬಹುದೆಂದು ತೋರಿಸಿತು. ಒಂದು ಕೋಶಕ್ಕೆ 25 ಪಿಕೊಗ್ರಾಂ ಕಬ್ಬಿಣ ಸೇರಿತೆಂದುಕೊಂಡರೆ 200ಕ್ಕೆ 5 ನ್ಯಾನೊಗ್ರಾಂ.

ಆದರೆ ಕೋಶ ಸತ್ತರೆ ಕಬ್ಬಿಣ ಅಲ್ಲೇ ಉಳಿಯುತ್ತದೆ, ಮಿದುಳಿನ ಮೈಕ್ರೊಗ್ಲಿಯ ಎಂಬ ರಕ್ಷಣಾ ಕೋಶಗಳು ಅದನ್ನು ನುಂಗಿ ಇಟ್ಟುಕೊಳ್ಳುತ್ತವೆ. ಚಿತ್ರ ಬದಲಾಗುವುದಿಲ್ಲ. ಕೋಶ ಮೂರು ಸಲ ಒಡೆದು ಎಂಟಾದರೂ ಒಟ್ಟು ಸಿಗ್ನಲ್ ಅಷ್ಟೇ, ಒಂದೊಂದರ ಪಾಲು ಎಂಟನೇ ಒಂದಾಗಿರುತ್ತದೆ. ಆದ್ದರಿಂದ ಅಷ್ಟೇ ಕಬ್ಬಿಣ ತುಂಬಿ ಮೊದಲೇ ಕೊಂದ ಕೋಶಗಳನ್ನು ಹಾಕಿದ ಗುಂಪೊಂದು ನಿಮ್ಮ ಅಧ್ಯಯನದಲ್ಲಿ ಇರಲೇಬೇಕು, ಕೊನೆಗೆ ಮಿದುಳಿನ ತೆಳುಪದರಗಳಲ್ಲಿ ಕಬ್ಬಿಣವನ್ನು ತೋರಿಸುವ ಪ್ರಶ್ಯನ್ ನೀಲಿ ಬಣ್ಣ ಮತ್ತು ಕೋಶದ ಗುರುತು ಎರಡನ್ನೂ ಒಟ್ಟಿಗೆ ನೋಡಬೇಕು. ಕೋಶಕ್ಕೆ ಅಂಟದೆ ಉಳಿದ ಕಣಗಳನ್ನು ಕನಿಷ್ಠ ಮೂರು ಸಲ ತೊಳೆದು ತೆಗೆಯಿರಿ. ಕ್ಯಾಲಿಬ್ರೇಷನ್ನಿಗೆ ಬಿಡಿ ಕಣದ್ರವ ಬಳಸಬೇಡಿ. ಕೋಶದೊಳಗೆ ಕಣಗಳು ಗುಂಪುಗೂಡಿ ಇಕ್ಕಟ್ಟಾಗುವುದರಿಂದ ಅಷ್ಟೇ ಕಬ್ಬಿಣಕ್ಕೆ ಬರುವ ಸಿಗ್ನಲ್ ಬೇರೆಯಾಗಿರುತ್ತದೆ. ಎಣಿಸಿದ ಕೋಶಗಳ ಉಂಡೆಯನ್ನೇ, 1,000, 5,000, 25,000 ಹೀಗೆ, ಕ್ಯಾಪಿಲರಿಯಲ್ಲಿಟ್ಟು ಗೆರೆ ಎಳೆದುಕೊಳ್ಳಿ.